ತುಟಿ ಎತ್ತಿದರೆ ಸಾಕು

ನಾಯಿಗೆ ಹಲ್ಲುಜ್ಜು ಎಂದರೆ ಮಕ್ಕಳು ಮೊದಲು ಅದರ ಬಾಯಿ ಅಗಲಿಸಲು ಹೋಗುತ್ತಾರೆ. ಅದರ ಅಗತ್ಯವೇ ಇಲ್ಲ. ಪಾಚಿ ಹೆಚ್ಚಾಗಿ ಕಟ್ಟುವುದು ಮೇಲ್ದವಡೆಯ ದೊಡ್ಡ ಹಲ್ಲಿನ ಹೊರಮೈಗೆ, ಕೆನ್ನೆಯ ಕಡೆ. ಜೊಲ್ಲಿನ ನಾಳ ತೆರೆದುಕೊಳ್ಳುವುದೂ ಅಲ್ಲೇ. ಒಳಮೈಯನ್ನು ನಾಲಿಗೆಯೇ ಬಹುಮಟ್ಟಿಗೆ ಸವರಿಕೊಳ್ಳುತ್ತದೆ. ಮುಚ್ಚಿದ ಬಾಯಿಯ ತುಟಿಯನ್ನು ಪಕ್ಕದಿಂದ ಮೆಲ್ಲಗೆ ಎತ್ತಿ ನೋಡಿ: ಕೋರೆಹಲ್ಲಿನಿಂದ ಹಿಂದಿನವರೆಗೆ ಸಾಲು ಕಾಣುತ್ತದೆ. ವಸಡಿನ ಅಂಚಿನಲ್ಲಿ ಕಂದು ಗೆರೆ ಮೂಡಿದ್ದರೆ ಆಗಲೇ ತಡವಾಗಿದೆ.

ಹೊಳೆನರಸೀಪುರ, ಅರಕಲಗೂಡಿನ ಹಳ್ಳಿಮನೆಗಳಲ್ಲಿ ನಾಯಿಯ ತಟ್ಟೆಗೆ ಬೀಳುವುದು ಮುದ್ದೆ, ಅನ್ನ, ಹಾಲು. ಇವೆಲ್ಲ ಮೆತ್ತಗಿದ್ದು ಹಲ್ಲಿಗೆ ಅಂಟುತ್ತವೆ. ಪಾಚಿಗೆ ಜೊಲ್ಲಿನ ಖನಿಜ ಸೇರಿದರೆ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ, ಆಮೇಲೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಹಾಗಾಗಿ ಭಾನುವಾರ ಒಂದೇ ದಿನ ಚೆನ್ನಾಗಿ ಉಜ್ಜುವುದಕ್ಕಿಂತ ದಿನವೂ ಅರೆ ನಿಮಿಷ ಉಜ್ಜುವುದು ಮೇಲು. ಮೂಳೆ ಕಡಿದರೆ ಹಲ್ಲು ತಾನೇ ಚೊಕ್ಕಟವಾಗುತ್ತದೆ ಎಂದು ನಂಬಿ ಕೂರಬೇಡಿ. ಬೇಯಿಸಿದ ಮೂಳೆ ಸಿಬಿರೆದ್ದು ಗಂಟಲಿಗೆ ಚುಚ್ಚುತ್ತದೆ. ಗಟ್ಟಿ ಮೂಳೆಯಾಗಲಿ, ಚನ್ನರಾಯಪಟ್ಟಣದ ಕಡೆ ಹಿತ್ತಲಲ್ಲಿ ಬಿದ್ದಿರುವ ತೆಂಗಿನ ಕರಟವಾಗಲಿ ಹಲ್ಲನ್ನೇ ಸೀಳಬಹುದು.

ಎಂಟು-ಹತ್ತು ವರ್ಷದೊಳಗಿನ ಮಕ್ಕಳ ಬೆರಳು ನಾಯಿಯ ಬಾಯಿಗೆ ಹೋಗಕೂಡದು. ಪೇಸ್ಟ್ ಹಾಕಿಕೊಡುವುದು, ಮುಗಿದ ಮೇಲೆ ತಿಂಡಿ ಕೊಡುವುದು, ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅವರ ಪಾಲು. (ಮರೆಯುವವರು ಸಾಮಾನ್ಯವಾಗಿ ದೊಡ್ಡವರೇ!) ದೊಡ್ಡ ಮಕ್ಕಳು ಹಿರಿಯರು ಪಕ್ಕದಲ್ಲಿದ್ದಾಗ ಉಜ್ಜಲಿ. ಮೊದಲ ಕೆಲವು ದಿನ ತುಟಿ ಎತ್ತಿ ಬಿಡುವುದಷ್ಟೇ. ಆಮೇಲೆ ಬೆರಳಿಗೆ ಸುತ್ತಿದ ಒದ್ದೆ ಹತ್ತಿಬಟ್ಟೆ. ನಾಯಿ ಒಗ್ಗಿದ ಮೇಲೆ ಚಿಕ್ಕ ಮೆತ್ತನೆ ಬ್ರಷ್. ಮೈ ಬಿಗಿ ಹಿಡಿದರೆ, ಗುರ್ರೆಂದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ನಾಯಿಗೆ ರೇಬೀಸ್ ಲಸಿಕೆ ಆಗಿರಲೇಬೇಕು. ಆದರೂ ಹಲ್ಲು ತಾಗಿ ಚರ್ಮ ತರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಪೇಸ್ಟ್ ನಾಯಿಗೆ ಸಲ್ಲದು. ಅದಕ್ಕೆ ಉಗುಳಲು ಬರುವುದಿಲ್ಲ. ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ, ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ಅದಕ್ಕೆ ವಿಷ. ಉಪ್ಪು, ಇದ್ದಿಲೂ ಬೇಡ. ನಾಯಿಗೆಂದೇ ಮಾಡಿದ ಪೇಸ್ಟ್ ಸಿಗದಿದ್ದರೆ ಬರೀ ನೀರು ಸಾಕು.

ಮರಿಯ 28 ಹಾಲುಹಲ್ಲು ಉದುರಿ 42 ಹಲ್ಲು ಬರುವ ನಾಲ್ಕರಿಂದ ಏಳನೇ ತಿಂಗಳವರೆಗೆ ವಸಡು ನೋಯುತ್ತದೆ. ಆಗ ತುಟಿ ಎತ್ತುವ ಅಭ್ಯಾಸ ಬಿಡದೆ, ಉಜ್ಜುವುದನ್ನು ಮಾತ್ರ ನಿಲ್ಲಿಸಿ. ಪೊಮೆರೇನಿಯನ್‌ನಂಥ ಚಿಕ್ಕ ತಳಿಯಲ್ಲಿ ಹಳೆ ಕೋರೆ ಬೀಳದೆ ಪಕ್ಕದಲ್ಲೇ ಹೊಸದು ಎದ್ದರೆ ವೈದ್ಯರಿಗೆ ತೋರಿಸಿ.

ಬಾಯಿ ನಾರಿದರೆ, ಒಂದೇ ಕಡೆ ಅಗಿದರೆ, ಕಣ್ಣಿನ ಕೆಳಗೆ ಊದಿದರೆ (ಹಲ್ಲಿನ ಬೇರಿನಲ್ಲಿ ಕೀವಾಗಿರಬಹುದು) ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಗಟ್ಟಿಯಾದ ಗಾರೆಯನ್ನು ಅರಿವಳಿಕೆ ಕೊಟ್ಟೇ ತೆಗೆಯಬೇಕು. ಎಚ್ಚರವಿರುವಾಗಲೇ ಕೆರೆದು ಹಲ್ಲು ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ, ವಸಡಿನ ಕೆಳಗಿನದು ಹಾಗೇ ಉಳಿದಿರುತ್ತದೆ.