ಮಳೆಯಿಲ್ಲದ ತಿಂಗಳ ಹಸಿರು

ಫೆಬ್ರವರಿ. ರಾಯಚೂರು ಸೀಮೆಯಲ್ಲಿ ಮಳೆ ನಿಂತು ತಿಂಗಳುಗಳೇ ಕಳೆದಿವೆ. ಆದರೂ ಜಲಾಶಯ ತುಂಬಿದ ವರ್ಷ ಉಪಗ್ರಹ ಚಿತ್ರದಲ್ಲಿ ಸಿಂಧನೂರು, ಗಂಗಾವತಿಯ ಸುತ್ತ ಹಸಿರು ಹರಡಿರುತ್ತದೆ. ಆ ಹಸಿರಿನ ನೀರು ಮುಗಿಲಿನದ್ದಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯದ್ದು.

ನೀರಾವರಿ ಭೂಮಿಯ ನಕ್ಷೆ ಹುಟ್ಟುವುದೇ ಈ ತರ್ಕದಿಂದ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಅಂಕವೇ ಎನ್‌ಡಿವಿಐ. ವರ್ಷವಿಡೀ ಅದು ಏರಿಳಿಯುವ ರೇಖೆಯನ್ನು ಮಳೆ, ತಾಪಮಾನದ ದಾಖಲೆಯ ಪಕ್ಕದಲ್ಲಿಟ್ಟು ನೋಡಿ: ಮಳೆಗೆ ಲೆಕ್ಕ ಸಿಗದ ಹಸಿರು ಎದ್ದು ಕಾಣುತ್ತದೆ.

ಕೃಷ್ಣಾ ಕೊಳ್ಳದಲ್ಲಿ ಸಂಶೋಧಕರು ನಾಸಾದ ಮೋಡಿಸ್ ಸಂವೇದಕ ಬಳಸಿ ಇಂಥ ನಕ್ಷೆ ತಯಾರಿಸಿದರು. ನೀರು ಸಮೃದ್ಧವಾಗಿದ್ದ 2000–01ನ್ನು ಬರದ 2002–03ರ ಜೊತೆ ಹೋಲಿಸಿದಾಗ, ನೀರಾವರಿ ಪ್ರದೇಶ ಕುಗ್ಗಿದ್ದು ನಕ್ಷೆಯಲ್ಲೇ ಕಂಡಿತು. ನೀರು ತಮ್ಮವರೆಗೆ ತಲುಪುವುದಿಲ್ಲ ಎಂಬ ಕಾಲುವೆಯ ಕೊನೆಯಂಚಿನ ರೈತರ ಹಳೆಯ ದೂರಿಗೆ ಇಂಥ ನಕ್ಷೆ ಸಾಕ್ಷಿಯಾಗಬಲ್ಲದು. ಅದೇ ಇದರ ದೊಡ್ಡ ಬೆಲೆ.

ಆದರೆ ಮೋಡಿಸ್ ಚಿತ್ರದ ಒಂದು ಚುಕ್ಕೆ 250 ಮೀಟರ್ ಉದ್ದಗಲದ್ದು, ಅಂದರೆ ಸುಮಾರು 15 ಎಕರೆ. ಎರಡು ಎಕರೆಯ ಕೊಳವೆಬಾವಿ ತೋಟ ಅದರೊಳಗೆ ಕರಗಿಹೋಗುತ್ತದೆ. ಸೆಂಟಿನೆಲ್-2 ಉಪಗ್ರಹದ ಚುಕ್ಕೆ 10 ಮೀಟರ್ ಮಾತ್ರ; ಅಂಥ ತೋಟವೂ ಅದರಲ್ಲಿ ಕಾಣಬಲ್ಲದು.

ಇನ್ನೂ ಕಠಿಣ ಪರೀಕ್ಷೆ ವಿಜಯಪುರದ ಬಿಳಿಜೋಳ. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ, ಕಾಲುವೆಯ ಹನಿ ನೀರೂ ಇಲ್ಲದೆ, ಹಿಂಗಾರಿನಲ್ಲಿ ಅದು ಹಸಿರಾಗಿ ನಿಲ್ಲುತ್ತದೆ. ಮಣ್ಣಿನ ಗುಣ ತಿಳಿಯದ ಗಣಕ ಅದನ್ನೂ ನೀರಾವರಿ ಎಂದುಬಿಡಬಹುದು. ಹಾಗಾಗಿ ತಜ್ಞರು ಹೊಲಕ್ಕಿಳಿದು, ರೈತರನ್ನು ಕೇಳಿ, ಜಿಪಿಎಸ್ ಗುರುತು ಹಾಕಿಕೊಂಡು ನಕ್ಷೆ ತಿದ್ದುತ್ತಾರೆ.