ಟ್ಯಾಂಕಿನ ನಿಜವಾದ ಬಣ್ಣ ಯಾವುದು? ಕಿರುಮಾದರಿ ತಯಾರಿಸುವವರಿಗೆ ಕೆಲವು ವಿಚಾರಗಳು

ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕಿನ ಕಿರುಮಾದರಿಯನ್ನು ಜೋಡಿಸಿ ಮುಗಿಸಿದವರ ಮುಂದೆ ಕೊನೆಗೊಂದು ಪ್ರಶ್ನೆ ಉಳಿಯುತ್ತದೆ: ಇದಕ್ಕೆ ಬಳಿಯಬೇಕಾದ ಬಣ್ಣ ಯಾವುದು? ಪೆಟ್ಟಿಗೆಯ ಮೇಲಿನ ಚಿತ್ರ ಒಂದನ್ನು ಹೇಳಿದರೆ ಬಣ್ಣದ ಶೀಶೆ ಇನ್ನೊಂದನ್ನು ಹೇಳುತ್ತದೆ. ಬಣ್ಣ ತಪ್ಪಿದರೆ ಮಾದರಿಯ ಅಂದ ಕೆಡಲಾರದು; ಆದರೆ ಅದು ಯಾವ ವರ್ಷದ, ಯಾವ ರಣರಂಗದ ವಾಹನವೆಂಬ ಸಾಕ್ಷ್ಯ ಸುಳ್ಳಾಗುತ್ತದೆ.

ಮೊದಲ ಆಧಾರ ಆ ಕಾಲದ ಸೇನಾ ಆದೇಶಗಳು. ಯುದ್ಧದ ಆರಂಭದಲ್ಲಿ ಜರ್ಮನ್ ಟ್ಯಾಂಕುಗಳಿಗೆ ಕಡುಬೂದು ಬಣ್ಣದ ಮೇಲೆ ಕಡುಕಂದು ಪಟ್ಟೆಗಳನ್ನು ಬಳಿಯುವ ನಿಯಮವಿತ್ತು. 1940ರ ಜುಲೈ ಕೊನೆಯಲ್ಲಿ ಕಂದನ್ನು ಕೈಬಿಟ್ಟು ಬೂದೊಂದನ್ನೇ ಉಳಿಸಲಾಯಿತು. 1941ರ ಮಾರ್ಚಿನಲ್ಲಿ ಆಫ್ರಿಕದ ಮರುಭೂಮಿಗೆ ಹೋಗುವ ವಾಹನಗಳಿಗೆ ಬೇರೆ ಬಣ್ಣಗಳು ನಿಗದಿಯಾದವು. 1943ರ ಫೆಬ್ರವರಿಯಲ್ಲಿ ಮೂಲಬಣ್ಣವೇ ಕಡುಹಳದಿಯಾಯಿತು. ಅದರ ಮೇಲೆ ಬಳಿಯಲು ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿ ಮುದ್ದೆಯಾಗಿ ಸೈನಿಕರಿಗೆ ಹಂಚಲಾಯಿತು. ಅವರು ಅದನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕದಡಿ ಬಳಿಯುತ್ತಿದ್ದರು. ಆದುದರಿಂದ ಒಂದೇ ದಳದ ಎರಡು ಟ್ಯಾಂಕುಗಳ ಛಾಯೆಯೂ ಒಂದೇ ಆಗಿರಬೇಕೆಂದಿಲ್ಲ.

ಎರಡನೆಯ ಆಧಾರ ಛಾಯಾಚಿತ್ರಗಳು. ಇಲ್ಲಿ ಎಚ್ಚರ ಅಗತ್ಯ. ಕಡುಬೂದು ಮತ್ತು ಕಡುಕಂದು ಬಣ್ಣಗಳು ಕಪ್ಪುಬಿಳುಪು ಚಿತ್ರದಲ್ಲಿ ಬಹುಮಟ್ಟಿಗೆ ಒಂದೇ ಛಾಯೆಯಲ್ಲಿ ಮೂಡುತ್ತವೆ. ಇದರಿಂದಾಗಿ 1939ರ ಪೋಲೆಂಡ್ ದಂಡಯಾತ್ರೆಯ ಟ್ಯಾಂಕುಗಳು ಬರಿಯ ಬೂದು ಬಣ್ಣದವೆಂದೇ ಬಹುಕಾಲ ನಂಬಲಾಗಿತ್ತು. ಆದೇಶಗಳನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಚಿತ್ರ ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ಅರ್ಧ ಮಾತ್ರ ಓದಿದ್ದೆವು.

ಮೂರನೆಯದು ಉಳಿದುಬಂದ ವಾಹನಗಳು. ಸಂಗ್ರಹಾಲಯದ ಟ್ಯಾಂಕಿನ ಹೊರಮೈಗೆ ಹಲವು ಬಾರಿ ಹೊಸ ಬಣ್ಣ ಬಿದ್ದಿರುತ್ತದೆ. ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ಟ್ಯಾಂಕ್ ಸಂಗ್ರಹಾಲಯ ಸೊಲ್ಲಾಪುರದ ನಮ್ಮ ಓದುಗರಿಗೆ ದೂರವಲ್ಲ. ಅಲ್ಲಿಗೆ ಹೋದಾಗಲೂ ಕಣ್ಣಿಗೆ ಕಂಡ ಬಣ್ಣವನ್ನೇ ಯುದ್ಧಕಾಲದ್ದೆಂದು ಬರೆದುಕೊಳ್ಳಬಾರದು. ಮೂಲ ಲೇಪ ಸಾಮಾನ್ಯವಾಗಿ ಬಿಸಿಲು ತಾಗದ ಸಂದುಗಳಲ್ಲಿ, ಕಳಚಿದ ಭಾಗಗಳ ಅಡಿಯಲ್ಲಿ ಉಳಿದಿರುತ್ತದೆ. ತಜ್ಞರು ಅಂಥ ಕಡೆ ನಯವಾದ ಮರಳುಕಾಗದದಿಂದ ಪದರ ಪದರವಾಗಿ ಉಜ್ಜಿ, ಮರದ ಉಂಗುರಗಳಂತೆ ತೋರುವ ಲೇಪಗಳನ್ನು ಕ್ರಮವಾಗಿ ಗುರುತಿಸುತ್ತಾರೆ. ಹಾಗೆ ದೊರೆತ ಬಣ್ಣವೂ ಕಾಲಕ್ರಮದಲ್ಲಿ ಎಣ್ಣೆಯಂಶ ಹಳದಿಗಟ್ಟಿ ಬದಲಾಗಿರಬಹುದು.

ಇಷ್ಟಾದ ಮೇಲೂ ಅದೇ ಬಣ್ಣವನ್ನು ಮಾದರಿಗೆ ಬಳಿದರೆ ಅದು ಕಪ್ಪೇರಿದಂತೆ ಕಾಣುವುದುಂಟು. ಮೂವತ್ತೈದರಲ್ಲಿ ಒಂದು ಪ್ರಮಾಣದ ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದಂತೆ. ದೂರದ ವಸ್ತು ತುಸು ತಿಳಿಯಾಗಿ ಕಾಣುವುದರಿಂದ ಅನೇಕರು ಬಣ್ಣಕ್ಕೆ ಸ್ವಲ್ಪ ಬಿಳಿ ಅಥವಾ ತಿಳಿಬೂದು ಬೆರೆಸುತ್ತಾರೆ. ಮಾದರಿ ಚಿಕ್ಕದಾದಷ್ಟೂ ಬೆರೆಸುವ ಪ್ರಮಾಣ ಹೆಚ್ಚು. ಹಗಲಿನಲ್ಲಿ ಹೊಂದಿದ ಎರಡು ಬಣ್ಣಗಳು ವಿದ್ಯುದ್ದೀಪದಡಿ ಬೇರೆಯಾಗಬಹುದು. ಆದ್ದರಿಂದ ಮಾದರಿಯನ್ನು ಇರಿಸುವ ಬೆಳಕಿನಲ್ಲಿಯೇ ಪರೀಕ್ಷಿಸುವುದು ಲೇಸು.

ಸಂಪೂರ್ಣ ನಿಖರವಾದ ಒಂದೇ ಬಣ್ಣವೆಂಬುದು ಇಲ್ಲಿ ದೊರೆಯದು. ದೊರೆಯುವುದು ಆಧಾರವುಳ್ಳ ಆಯ್ಕೆ. ವಾಹನದ ವರ್ಷ, ರಣರಂಗ, ನಂಬಿದ ದಾಖಲೆ, ಬೆರೆಸಿದ ಪ್ರಮಾಣ, ಇವನ್ನು ಒಂದು ಚೀಟಿಯಲ್ಲಿ ಬರೆದು ಮಾದರಿಯ ಪೀಠದಡಿ ಅಂಟಿಸಿಡಬೇಕೆಂಬುದು ನಮ್ಮ ಸಲಹೆ. ಮುಂದೆ ಹೊಸ ದಾಖಲೆ ಸಿಕ್ಕಾಗ ತಿದ್ದುವವರಿಗೆ ಅದು ದಾರಿ ತೋರುತ್ತದೆ.