ಸಾಂಕ್ರಾಮಿಕದ ಕಾಲದಲ್ಲಿ ತಾಯಿ ಮರಣ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಅಂಶಗಳು

ಗರ್ಭಾವಸ್ಥೆಯಲ್ಲಿ ಅಥವಾ ಗರ್ಭಾವಸ್ಥೆ ಮುಗಿದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಅಥವಾ ಗರ್ಭದಿಂದ ಉಲ್ಬಣಗೊಂಡ ಕಾರಣದಿಂದ ಸಂಭವಿಸುವ ಮಹಿಳೆಯ ಸಾವನ್ನು ತಾಯಿ ಮರಣ ಎನ್ನಲಾಗುತ್ತದೆ. ಅಪಘಾತದಂತಹ ಆಕಸ್ಮಿಕ ಕಾರಣಗಳು ಇದರಲ್ಲಿ ಸೇರುವುದಿಲ್ಲ. ಒಂದು ಲಕ್ಷ ಜೀವಂತ ಜನನಗಳಿಗೆ ಇಂತಹ ಸಾವುಗಳು ಎಷ್ಟು ಎಂಬುದೇ ತಾಯಿ ಮರಣ ಪ್ರಮಾಣ. ಕೋವಿಡ್-19ರಂತಹ ಸಾಂಕ್ರಾಮಿಕವು ಈ ಪ್ರಮಾಣವನ್ನು ಎರಡು ದಾರಿಗಳಲ್ಲಿ ಏರಿಸುತ್ತದೆ. ಮೊದಲನೆಯದು ರೋಗವೇ ನೇರವಾಗಿ ತರುವ ಸಾವು. ಎರಡನೆಯದು ರೋಗದ ಭಯ ಮತ್ತು ನಿರ್ಬಂಧಗಳ ನಡುವೆ ಹೆರಿಗೆಯ ಆರೈಕೆ ಸಕಾಲದಲ್ಲಿ ದೊರೆಯದೆ ಆಗುವ ಸಾವು. ಮೊದಲನೆಯದಕ್ಕೆ ವೈದ್ಯರು ಮತ್ತು ಲಸಿಕೆ ಬೇಕು. ಎರಡನೆಯದನ್ನು ತಡೆಯುವ ಕೆಲಸದ ದೊಡ್ಡ ಪಾಲು ಗ್ರಾಮ ಮಟ್ಟದಲ್ಲೇ ಆಗಬೇಕಾಗುತ್ತದೆ.

ರೋಗದಿಂದ ನೇರವಾಗಿ ಆಗುವ ಹಾನಿ

ಗರ್ಭ ಬೆಳೆದಂತೆ ಶ್ವಾಸಕೋಶ ಹಿಗ್ಗಲು ಇರುವ ಅವಕಾಶ ಕಡಿಮೆಯಾಗುತ್ತದೆ, ದೇಹಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಏರುತ್ತದೆ. ಆದುದರಿಂದ ಶ್ವಾಸಕೋಶಕ್ಕೆ ತಗಲುವ ಸೋಂಕು ಗರ್ಭಿಣಿಯರಲ್ಲಿ ಬೇಗನೆ ಗಂಭೀರವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸೋಂಕಿತ ಗರ್ಭಿಣಿಯರು ಮತ್ತು ಬಾಣಂತಿಯರ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಮೊದಲನೆಯ ಅಲೆಯಲ್ಲಿ ಶೇ. 0.7ರಷ್ಟಿದ್ದ ಸಾವಿನ ಪ್ರಮಾಣ ಎರಡನೆಯ ಅಲೆಯಲ್ಲಿ ಶೇ. 5.7ಕ್ಕೆ ಏರಿತ್ತು. ಗರ್ಭಿಣಿಯರಿಗೆ ಕೋವಿಡ್ ಲಸಿಕೆ ನೀಡಲು ಕೇಂದ್ರ ಸರ್ಕಾರ ಅನುಮತಿಸಿದ್ದು 2021ರ ಜುಲೈ 2ರಂದು. ಅಷ್ಟರಲ್ಲಿ ಎರಡನೆಯ ಅಲೆಯ ತೀವ್ರ ಘಟ್ಟ ದಾಟಿಹೋಗಿತ್ತು.

ವರ್ಷವಾರು ಅಂಕಿ ಪ್ರಕಟಿಸುವ ಅಮೆರಿಕದಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 2019ರಲ್ಲಿ 20.1 ಇದ್ದ ತಾಯಿ ಮರಣ ಪ್ರಮಾಣ 2020ರಲ್ಲಿ 23.8ಕ್ಕೂ 2021ರಲ್ಲಿ 32.9ಕ್ಕೂ ಏರಿ, 2022ರಲ್ಲಿ 22.3ಕ್ಕೆ ಇಳಿಯಿತು. ಸುಸಜ್ಜಿತ ಆಸ್ಪತ್ರೆಗಳಿರುವ ದೇಶವೂ ಈ ಹಾನಿಯಿಂದ ತಪ್ಪಿಸಿಕೊಳ್ಳಲಿಲ್ಲ.

ಮೂರು ವಿಳಂಬಗಳು

ಹೆರಿಗೆಯ ಸಾವುಗಳ ಹಿಂದೆ ಸಾಮಾನ್ಯವಾಗಿ ಮೂರು ವಿಳಂಬಗಳಿರುತ್ತವೆ ಎಂದು 1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಎಂಬ ಸಂಶೋಧಕಿಯರು ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ವಿಳಂಬ, ಆಸ್ಪತ್ರೆ ತಲುಪುವಲ್ಲಿ ವಿಳಂಬ, ತಲುಪಿದ ಮೇಲೆ ಸೂಕ್ತ ಚಿಕಿತ್ಸೆ ದೊರೆಯುವಲ್ಲಿ ವಿಳಂಬ. ಹೆರಿಗೆಯ ನಂತರದ ಅತಿರಕ್ತಸ್ರಾವವು ಆರೋಗ್ಯವಂತ ಮಹಿಳೆಯನ್ನೂ ಕೆಲವೇ ಗಂಟೆಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು. ಹೀಗಿರುವಾಗ ಒಂದೊಂದು ಗಂಟೆಗೂ ಬೆಲೆಯುಂಟು.

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಈ ಮೂರೂ ವಿಳಂಬಗಳು ಒಟ್ಟಿಗೆ ಬಲಗೊಂಡವು. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂಬ ಭಯದಿಂದ ತಪಾಸಣೆಗಳು ತಪ್ಪಿದವು. ಬಸ್ಸು, ಆಟೋಗಳು ನಿಂತವು. ಕೆಲವು ಆಸ್ಪತ್ರೆಗಳು ಕೋವಿಡ್ ಚಿಕಿತ್ಸೆಗೇ ಮೀಸಲಾದವು, ರಕ್ತದಾನ ಶಿಬಿರಗಳು ನಡೆಯದೆ ರಕ್ತದ ಕೊರತೆ ಕಾಡಿತು. ಆಶಾ ಕಾರ್ಯಕರ್ತೆಯರು ಮನೆಮನೆ ಸಮೀಕ್ಷೆಯ ಹೊಣೆಯನ್ನೂ ಹೊರಬೇಕಾಯಿತು. ನೆರೆಯ ನೇಪಾಳದ ಒಂಬತ್ತು ಆಸ್ಪತ್ರೆಗಳ ಅಧ್ಯಯನದಲ್ಲಿ ಲಾಕ್‌ಡೌನ್ ಅವಧಿಯ ಹೆರಿಗೆಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿದುದು ದಾಖಲಾಗಿದೆ. ಮನೆಯಲ್ಲೇ ಉಳಿದ ಆ ಮಹಿಳೆಯರ ಹೆರಿಗೆಯ ದಿನವೇನೂ ಮುಂದಕ್ಕೆ ಹೋಗಿರಲಿಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ವಿಶೇಷವೂ ಇದೆ. ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಗಂಡನ ಊರಿನಲ್ಲಿ ತಾಯಿ ಕಾರ್ಡ್ ಪಡೆದ ಗರ್ಭಿಣಿ ತವರಿನ ಪಂಚಾಯಿತಿಯ ಪಟ್ಟಿಯಲ್ಲಿ ಇರದೇ ಹೋಗಬಹುದು. ನಗರಗಳಿಂದ ಮರಳಿದ ವಲಸೆ ಕುಟುಂಬಗಳ ಸ್ಥಿತಿಯೂ ಇದೇ. ಸಾಮಾನ್ಯ ದಿನಗಳಲ್ಲಿ ಹೇಗೋ ಸರಿಹೋಗುವ ಈ ಅಂತರವು ಸಾಂಕ್ರಾಮಿಕದ ಕಾಲದಲ್ಲಿ ಪ್ರಾಣಾಂತಿಕವಾಗಬಲ್ಲದು.

ಅಂಕಿಗಳನ್ನು ಓದುವ ಬಗೆ

ಮಾದರಿ ನೋಂದಣಿ ವ್ಯವಸ್ಥೆಯ ವರದಿಗಳಂತೆ ಕರ್ನಾಟಕದ ತಾಯಿ ಮರಣ ಪ್ರಮಾಣ 2017-19ರಲ್ಲಿ 83, 2018-20ರಲ್ಲಿ 69, 2019-21ರಲ್ಲಿ 63, 2020-22ರಲ್ಲಿ 58. ಇದನ್ನು ನೋಡಿದವರಿಗೆ ಸಾಂಕ್ರಾಮಿಕವು ತಾಯಂದಿರನ್ನು ತಟ್ಟಲೇ ಇಲ್ಲವೆಂದು ತೋರಬಹುದು. ಆದರೆ ಈ ಪ್ರತಿಯೊಂದು ಅಂಕಿಯೂ ಆಯ್ದ ಮಾದರಿ ಪ್ರದೇಶಗಳ ಮೂರು ವರ್ಷಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪಡೆದದ್ದು. ಎರಡು ಮೂರು ತಿಂಗಳ ತೀವ್ರ ಏರಿಕೆ 36 ತಿಂಗಳ ಲೆಕ್ಕದಲ್ಲಿ ಕರಗಿಹೋಗಬಲ್ಲದು. ಒಂದು ತಾಲ್ಲೂಕಿನ ಅಥವಾ ಒಂದು ಹಳ್ಳಿಯ ಚಿತ್ರ ಅದರಲ್ಲಿ ಕಾಣುವುದಿಲ್ಲ.

ವರ್ಷಕ್ಕೆ 100 ಹೆರಿಗೆಗಳಾಗುವ ಒಂದು ಪಂಚಾಯಿತಿಯನ್ನು ಪರಿಗಣಿಸಿದರೆ, 58ರ ಪ್ರಮಾಣವೆಂದರೆ ಸರಾಸರಿ 17 ವರ್ಷಗಳಿಗೆ ಒಂದು ಸಾವು. ಆದುದರಿಂದ ಹಲವು ವರ್ಷ ಸಾವು ಸಂಭವಿಸದಿದ್ದ ಮಾತ್ರಕ್ಕೆ ವ್ಯವಸ್ಥೆ ಸರಿಯಿದೆ ಎನ್ನಲಾಗದು. ಪಂಚಾಯಿತಿಯು ಪ್ರಮಾಣಕ್ಕಿಂತ ಹೆಚ್ಚಾಗಿ ಪ್ರತಿ ಗರ್ಭಿಣಿಯ ಸ್ಥಿತಿಯನ್ನು ಗಮನಿಸಬೇಕಾಗುತ್ತದೆ.

ಪಂಚಾಯಿತಿಯ ಪಾತ್ರ

ಮೊದಲ ವಿಳಂಬವನ್ನು ತಡೆಯಲು ಗರ್ಭಿಣಿಯರ ಪಟ್ಟಿ ಆಧಾರ. ಹೆರಿಗೆಯ ನಿರೀಕ್ಷಿತ ದಿನಾಂಕದೊಡನೆ, ತವರಿಗೆ ಬಂದವರನ್ನೂ ವಲಸೆಯಿಂದ ಮರಳಿದವರನ್ನೂ ಸೇರಿಸಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಇದನ್ನು ಪ್ರತಿ ತಿಂಗಳು ಪರಿಷ್ಕರಿಸುವುದು ಸೂಕ್ತ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ರಕ್ತಹೀನತೆ ಇರುವವರು ಅಲ್ಪ ರಕ್ತಸ್ರಾವವನ್ನೂ ತಾಳಲಾರರು. ಆದಕಾರಣ ಅಂತಹವರನ್ನು, ರಕ್ತದೊತ್ತಡ ಇರುವವರನ್ನು ಮತ್ತು ಹಿಂದೆ ಶಸ್ತ್ರಚಿಕಿತ್ಸೆಯ ಹೆರಿಗೆ ಆದವರನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತಿಸಬೇಕು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಅವರಿಗೆ ತಪ್ಪದಂತೆ ನೋಡಿಕೊಳ್ಳಬೇಕು.

ಎರಡನೆಯ ವಿಳಂಬಕ್ಕೆ ಪರಿಹಾರ ವಾಹನ. 108 ಆಂಬುಲೆನ್ಸ್ ಬೇರೆ ಕರೆಯಲ್ಲಿದ್ದಾಗ ಬಳಸಬಹುದಾದ ಒಂದೆರಡು ಖಾಸಗಿ ವಾಹನಗಳನ್ನೂ ಚಾಲಕರ ದೂರವಾಣಿ ಸಂಖ್ಯೆಗಳನ್ನೂ ಮುಂಚಿತವಾಗಿ ಗೊತ್ತುಪಡಿಸಿಕೊಳ್ಳುವುದು ಒಳಿತು. ನಿರ್ಬಂಧಗಳಿರುವಾಗ ಹೆರಿಗೆಯ ವಾಹನವನ್ನು ಯಾವ ತಪಾಸಣಾ ಠಾಣೆಯಲ್ಲೂ ತಡೆಯದಂತೆ ತಾಲ್ಲೂಕು ಆಡಳಿತದೊಡನೆ ಮೊದಲೇ ಮಾತನಾಡಿರಬೇಕು.

ಮೂರನೆಯ ವಿಳಂಬವನ್ನು ತಗ್ಗಿಸಲು ಮಾಹಿತಿ ಬೇಕು. ಯಾವ ಆಸ್ಪತ್ರೆಯಲ್ಲಿ ಹೆರಿಗೆ ನಡೆಯುತ್ತಿದೆ, ಎಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆ, ಎಲ್ಲಿ ರಕ್ತ ದೊರೆಯುತ್ತದೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ವಾರಕ್ಕೊಮ್ಮೆ ತಿಳಿದು ಸೂಚನಾ ಫಲಕದಲ್ಲಿ ಪ್ರಕಟಿಸಬಹುದು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಗಂಟೆಗಳು ಇದರಿಂದ ಉಳಿಯುತ್ತವೆ. ಗ್ರಾಮದ ರಕ್ತದಾನಿಗಳ ಹೆಸರು ಮತ್ತು ರಕ್ತದ ಗುಂಪಿನ ವಿವರವೂ ಸಿದ್ಧವಿರಲಿ.

ಹೆರಿಗೆಯೊಂದಿಗೆ ಅಪಾಯ ಮುಗಿಯುವುದಿಲ್ಲ. ನಂಜು, ರಕ್ತಸ್ರಾವ, ಅಪಸ್ಮಾರದಂತಹ ಸೆಳೆತ ಬಾಣಂತನದಲ್ಲಿಯೂ ಕಾಣಿಸಿಕೊಳ್ಳಬಹುದು. 42ನೆಯ ದಿನದವರೆಗಿನ ಆಶಾ ಭೇಟಿಗಳು ಸಾಂಕ್ರಾಮಿಕದ ಕಾಲದಲ್ಲೂ ನಿಲ್ಲದಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯು ಎಚ್ಚರ ವಹಿಸಬೇಕು.

ಒಂದು ವೇಳೆ ಸಾವು ಸಂಭವಿಸಿದಲ್ಲಿ ಅದನ್ನು ಮರೆಮಾಚದೆ ಆರೋಗ್ಯ ಇಲಾಖೆಗೆ ತಿಳಿಸುವುದು ಕರ್ತವ್ಯ. ತಾಯಿ ಮರಣ ಪರಿಶೀಲನೆಯ ಉದ್ದೇಶ ಯಾರನ್ನೂ ದಂಡಿಸುವುದಲ್ಲ. ಮೂರರಲ್ಲಿ ಯಾವ ವಿಳಂಬ ಆ ತಾಯಿಯನ್ನು ಬಲಿ ತೆಗೆದುಕೊಂಡಿತು ಎಂಬುದು ತಿಳಿದರೆ, ಮುಂದಿನ ಗರ್ಭಿಣಿಗೆ ಆ ದಾರಿಯನ್ನು ಸರಿಪಡಿಸಬಹುದು. ಮುಂದಿನ ಸಾಂಕ್ರಾಮಿಕ ಎಂದು ಬರುವುದೆಂದು ಯಾರೂ ಹೇಳಲಾರರು. ಆದರೆ ಪಂಚಾಯಿತಿ ವ್ಯಾಪ್ತಿಯಲ್ಲಿ ಬರುವ ತಿಂಗಳು ಯಾರ ಹೆರಿಗೆ ಇದೆ ಎಂಬುದನ್ನು ಇಂದೇ ತಿಳಿಯಲು ಸಾಧ್ಯ. ಸಿದ್ಧತೆ ಅಲ್ಲಿಂದಲೇ ಆರಂಭವಾಗಬೇಕು.